ಎಳೆದೊಯ್ಯುವ ಜೀಪಿನ ಮುಂಗಾಲಿಗಳು: ಒಂದು ಸ್ಟೀರಿಂಗ್ ದೋಷದ ಪ್ರಕರಣ ಅಧ್ಯಯನ

ಅಮೆರಿಕದಲ್ಲಿ ದೊಡ್ಡ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಬಸ್ಸಿನಂಥ ಗಾಡಿ) ಇಟ್ಟುಕೊಂಡವರಲ್ಲಿ ಬಹಳ ಮಂದಿ ಅದರ ಹಿಂದೆ ಒಂದು ಸಣ್ಣ ವಾಹನವನ್ನೂ ಕಟ್ಟಿಕೊಂಡು ಹೋಗುತ್ತಾರೆ. 34 ಅಡಿ ಉದ್ದದ ಮನೆಯನ್ನು ಕ್ಯಾಂಪ್‌ಗ್ರೌಂಡಿನಲ್ಲಿ ನಿಲ್ಲಿಸಿ, ನೀರು, ಕರೆಂಟು, ಚರಂಡಿಯ ಕೊಳವೆಗಳನ್ನೆಲ್ಲ ಜೋಡಿಸಿದ ಮೇಲೆ ಹಾಲು ತರುವುದಕ್ಕೆಂದು ಅದನ್ನೇ ಮತ್ತೆ ಹೊರಡಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಹಿಂದಿನ ವಾಹನವನ್ನು ಟ್ರೇಲರಿನ ಮೇಲೇರಿಸಬಹುದು, ಮುಂದಿನ ಎರಡು ಗಾಲಿಗಳನ್ನಷ್ಟೇ ಡಾಲಿ ಎಂಬ ಪುಟ್ಟ ಎರಡು ಗಾಲಿಯ ಬಂಡಿಯ ಮೇಲಿಡಬಹುದು, ಅಥವಾ ನಾಲ್ಕೂ ಗಾಲಿಗಳು ನೆಲದ ಮೇಲೆ ಉರುಳುವಂತೆ ಟೋ ಬಾರ್ ಎಂಬ ಸಲಾಕೆ ಹಾಕಿ ಎಳೆಯಬಹುದು. ಮೂರನೆಯ ವಿಧಾನ ಹಗುರವಾದದ್ದು, ಜೋಡಿಸಲು ಸುಲಭವಾದದ್ದು. ಆದರೆ ಅದರಲ್ಲಿ ಎಳೆಯಲ್ಪಡುವ ವಾಹನ ಚಾಲಕನೇ ಇಲ್ಲದೆ ತನ್ನ ಮುಂಗಾಲಿಗಳನ್ನು ತಾನೇ ತಿರುಗಿಸಿಕೊಳ್ಳುತ್ತ ಬರಬೇಕಾಗುತ್ತದೆ. ಈ ಅಧ್ಯಯನದ ವಿಷಯ ಆ ಹೊಣೆಯನ್ನು ಸರಿಯಾಗಿ ನಿಭಾಯಿಸಲಾಗದ ಒಂದು ಜೀಪು.

ಅದು 2004ನೇ ಮಾದರಿಯ ಜೀಪ್ ರ‍್ಯಾಂಗ್ಲರ್. 1997ರಿಂದ 2006ರವರೆಗಿನ ಮಾದರಿಗಳ, ಟಿಜೆ ಎಂದು ಕರೆಯುವ ಪೀಳಿಗೆಗೆ ಸೇರಿದ್ದು. ಮುಂದೆಯೂ ಹಿಂದೆಯೂ ಎಡಬಲ ಗಾಲಿಗಳನ್ನು ಜೋಡಿಸುವ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗು, ಹಳೆಯ ಮಾದರಿಯ ಸ್ಟೀರಿಂಗ್ ಬಾಕ್ಸ್ ಇರುವ ಈ ಗಾಡಿಯನ್ನು ಎಳೆದೊಯ್ಯುವವರು ಬಹಳ ಇಷ್ಟಪಡುತ್ತಾರೆ. ಟ್ರಾನ್ಸ್‌ಫರ್ ಕೇಸನ್ನು (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ನ್ಯೂಟ್ರಲ್‌ಗೆ ಹಾಕಿ, ಆಟೋಮ್ಯಾಟಿಕ್ ಗೇರನ್ನು ಪಾರ್ಕ್‌ನಲ್ಲಿಟ್ಟು, ಕೀಲಿಯನ್ನು ಲಾಕ್ ಸ್ಥಾನಕ್ಕೆ ತಿರುಗಿಸದೆ ಆಫ್‌ನಲ್ಲಿ ಬಿಟ್ಟರೆ ಗೇರ್‌ಬಾಕ್ಸಿಗೆ ಯಾವ ತೊಂದರೆಯೂ ಇಲ್ಲದೆ ನೂರಾರು ಮೈಲಿ ಉರುಳುತ್ತದೆ. ಮಾಲೀಕರು ಧಾರವಾಡದ ಕಡೆಯವರು. ನಿವೃತ್ತಿಯ ನಂತರ ಅರಿಜೋನಾದ ಫೀನಿಕ್ಸ್ ಬಳಿ ನೆಲೆಸಿರುವ ದಂಪತಿ. ಜೀಪನ್ನು ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಹಿಂದಿನ ಮಾಲೀಕ ಅದನ್ನು 3 ಇಂಚು ಎತ್ತರಿಸಿ, 33 ಇಂಚಿನ ಟೈರುಗಳನ್ನು ಹಾಕಿಸಿದ್ದ. ಕೊಂಡ ಹೊಸದರಲ್ಲಿ ಸ್ಟೀರಿಂಗ್ ಸಡಿಲವಾಗಿದೆ ಅನ್ನಿಸಿ ಇವರು ಒಂದು ವರ್ಕ್‌ಶಾಪಿಗೆ ಒಯ್ದಿದ್ದರು. ಅಲ್ಲಿ ಮಾಡಿದ ಕೆಲಸದ ಬಿಲ್ಲು ಗ್ಲವ್ ಬಾಕ್ಸಿನಲ್ಲೇ ಇತ್ತು. ಆ ಬಿಲ್ಲಿನ ಎರಡು ಸಾಲುಗಳು ಮುಂದೆ ಮುಖ್ಯವಾಗುತ್ತವೆ: ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅದುರನ್ನು ತಗ್ಗಿಸುವ ಭಾಗ) ಅಳವಡಿಕೆ, ಮತ್ತು ಸ್ಟೀರಿಂಗ್ ಬಾಕ್ಸಿನ ಪ್ಲೇ (ಸಡಿಲ) ಸರಿಪಡಿಸಿದ್ದು.

ದೂರು ಏನಿತ್ತು

ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಹೋಗುವ ಇಂಟರ್‌ಸ್ಟೇಟ್ 17 ಹೆದ್ದಾರಿ ಮರುಭೂಮಿಯ ಮಟ್ಟದಿಂದ ಸುಮಾರು 7,000 ಅಡಿಗೆ ಏರುತ್ತದೆ. ನಡುವೆ ಉದ್ದನೆಯ ಏರು, ಅಷ್ಟೇ ಉದ್ದನೆಯ ಇಳಿಜಾರು, ಸೇತುವೆಗಳ ಮೇಲೆ ಎಕ್ಸ್‌ಪಾನ್ಶನ್ ಜಾಯಿಂಟುಗಳು (ಬಿಸಿಗೆ ಹಿಗ್ಗಲು ಬಿಟ್ಟ ಸಂದುಗಳು). ಅಂಥದೊಂದು ಇಳಿಜಾರಿನ ಸೇತುವೆ ದಾಟುವಾಗ, ಗಂಟೆಗೆ ಸುಮಾರು 55 ಮೈಲಿ ವೇಗದಲ್ಲಿ, ಜೀಪಿನ ಮುಂಗಾಲಿಗಳು ಎಡಕ್ಕೂ ಬಲಕ್ಕೂ ಜೋರಾಗಿ ಬಡಿದುಕೊಳ್ಳತೊಡಗಿದವು. ಸ್ಟೀರಿಂಗ್ ಹಿಡಿದಿದ್ದ ಪತಿಗೆ ಏನೂ ತಿಳಿಯಲಿಲ್ಲ. ಮೋಟರ್‌ಹೋಮಿನ ತೂಕ ಸುಮಾರು 10 ಟನ್, ಜೀಪಿನದು ಅದರ ಆರನೆಯ ಒಂದು ಭಾಗದಷ್ಟು. ಹಿಂದೆ ನಡೆಯುವ ಇಂಥ ಗಲಾಟೆ ಮುಂದಿನ ಸೀಟಿಗೆ ತಲುಪುವುದೇ ಇಲ್ಲ. ಹಿಂಬದಿ ಕ್ಯಾಮೆರಾದ ಪರದೆಯನ್ನು ನೋಡುತ್ತಿದ್ದ ಪತ್ನಿ, “ಅಲ್ರೀ, ಗಾಲಿ ಥರಥರ ನಡಗಾಕತ್ತಾವ, ಮೊದಲು ಗಾಡಿ ನಿಲ್ಲಸ್ರೀ” ಎಂದು ಕೂಗಿದರು. ವೇಗ 25 ಮೈಲಿಗಿಂತ ಕೆಳಗಿಳಿದ ಮೇಲಷ್ಟೇ ನಡುಕ ನಿಂತಿತು.

ಎರಡನೆಯ ಲಕ್ಷಣವನ್ನು ಗಮನಿಸಿದವರೂ ಅವರೇ. ಪೆಟ್ರೋಲ್ ಬಂಕಿನಂಥ ಇಕ್ಕಟ್ಟಿನ ಜಾಗದಲ್ಲಿ ಬಲಕ್ಕೆ ತಿರುಗಿ ನೇರ ರಸ್ತೆಗೆ ಬಂದ ಮೇಲೂ ಜೀಪಿನ ಮುಂಗಾಲಿಗಳು ತಿರುಗಿದ ಹಾಗೆಯೇ ಉಳಿಯುತ್ತಿದ್ದವು. ಟೈರು ಉರುಳುವ ಬದಲು ರಸ್ತೆಗೆ ಉಜ್ಜಿಕೊಂಡು ಬರುತ್ತಿತ್ತು. ಕೆಲವೊಮ್ಮೆ ರಸ್ತೆಯ ಒಂದು ಉಬ್ಬು ಸಿಕ್ಕಾಗ ಗಾಲಿಗಳು ಒಮ್ಮೆಲೇ ನೇರವಾಗುತ್ತಿದ್ದವು, ಕೆಲವೊಮ್ಮೆ ನಿಲ್ಲಿಸಿ ಇಳಿದು ಸ್ಟೀರಿಂಗನ್ನು ಕೈಯಿಂದ ತಿರುಗಿಸಬೇಕಾಗುತ್ತಿತ್ತು. ಎಡಕ್ಕೆ ತಿರುಗಿದಾಗ ಇದು ಅಷ್ಟಾಗಿ ಆಗುತ್ತಿರಲಿಲ್ಲ. ಆಕೆ ಈ ಎರಡು ಘಟನೆಗಳನ್ನು ಬೇರೆ ಬೇರೆಯಾಗಿಯೇ ಹೇಳಿದ್ದು ಇಡೀ ತನಿಖೆಗೆ ದೊಡ್ಡ ಉಪಕಾರವಾಯಿತು. ಪತಿಯ ಮನಸ್ಸಿನಲ್ಲಿ ಎರಡೂ ಸೇರಿ “ಸ್ಟೀರಿಂಗ್ ಲಾಕ್ ಬೀಳುತ್ತಿದೆ” ಎಂಬ ಒಂದೇ ತೀರ್ಮಾನವಾಗಿಬಿಟ್ಟಿತ್ತು. ಅವರು ಹೊಸ ಇಗ್ನಿಷನ್ ಸ್ವಿಚ್ಚನ್ನು ತರಿಸುವ ಯೋಚನೆಯಲ್ಲಿದ್ದರು.

ಜೀಪನ್ನು ಬೇರ್ಪಡಿಸಿ ಓಡಿಸಿದಾಗ ಮಾತ್ರ ದೂರು ಹೇಳುವಂಥದ್ದೇನೂ ಕಾಣುತ್ತಿರಲಿಲ್ಲ. ಸೇತುವೆಯ ಜಾಯಿಂಟಿನ ಮೇಲೆ ಸ್ಟೀರಿಂಗಿನಲ್ಲಿ ಕ್ಷಣಕಾಲದ ಜುಮುಜುಮು, ತಿರುವಿನ ನಂತರ ಸ್ಟೀರಿಂಗನ್ನು ಸ್ವಲ್ಪ ತಾವೇ ಹಿಂದಕ್ಕೆ ತಿರುಗಿಸಬೇಕಾದ ಅಭ್ಯಾಸ, ಇಷ್ಟೇ. ಹಳೆಯ ಜೀಪೆಂದರೆ ಹೀಗೆಯೇ ಇರುತ್ತದೆ ಎಂದು ಅವರು ಅದನ್ನು ಒಪ್ಪಿಕೊಂಡಿದ್ದರು.

ಕೈ ಇಲ್ಲದ ಸ್ಟೀರಿಂಗ್

ಪರೀಕ್ಷೆಗೆ ಹೋಗುವ ಮುನ್ನ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ಪ್ರತಿಯೊಂದು ಹೆಜ್ಜೆಯೂ ಅದನ್ನೇ ಆಧರಿಸಿದೆ. ಮುಂಗಾಲಿ ಯಾವ ಅಕ್ಷದ ಸುತ್ತ ಎಡಬಲಕ್ಕೆ ತಿರುಗುತ್ತದೆಯೋ ಆ ಅಕ್ಷ ಲಂಬವಾಗಿರದೆ ಅದರ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಈ ಓರೆಯೇ ಕ್ಯಾಸ್ಟರ್. ಅಕ್ಷವನ್ನು ಕೆಳಕ್ಕೆ ಎಳೆದರೆ ಅದು ನೆಲವನ್ನು ಮುಟ್ಟುವ ಬಿಂದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದಿರುತ್ತದೆ, ಹಾಗಾಗಿ ಗಾಡಿ ಮುಂದೆ ಸಾಗುವಾಗ ಟೈರು ಆ ಬಿಂದುವಿನ ಹಿಂದೆ ಬಂದು ನೇರವಾಗಲು ಸದಾ ಹವಣಿಸುತ್ತದೆ. ಆಸ್ಪತ್ರೆಯ ಸ್ಟ್ರೆಚರ್ ತಳ್ಳಿದವರು ಇದನ್ನು ಕಂಡಿರುತ್ತಾರೆ: ಮುಂದೆ ತಳ್ಳಿದರೆ ಗಾಲಿಗಳು ತಾವಾಗಿ ಹಿಂದಕ್ಕೆ ಹೊಂದಿಕೊಳ್ಳುತ್ತವೆ, ದಿಕ್ಕು ಬದಲಿಸಿದರೆ ಗಿರ್ರನೆ ತಿರುಗಿ ಬೀಳುತ್ತವೆ, ಗಾಲಿಯ ಕೀಲು ಸವೆದಿದ್ದರೆ ಓಡುವಾಗ ಪಟಪಟನೆ ಬಡಿದುಕೊಳ್ಳುತ್ತವೆ. ಟೋ ಬಾರ್ ಹಾಕಿದ ಗಾಡಿಯನ್ನು ಹಿಂದಕ್ಕೆ ತಳ್ಳಬಾರದು ಎಂಬ ಎಚ್ಚರಿಕೆಗೂ ಇದೇ ಕಾರಣ. ನಾಲ್ಕಾರು ಅಡಿ ಹಿಂದೆ ಹೋಗುವಷ್ಟರಲ್ಲಿ ಮುಂಗಾಲಿಗಳು ಪೂರ್ತಿ ಒಂದು ಬದಿಗೆ ಹೊರಳಿ, ಟೋ ಬಾರಿನ ತೋಳೋ ಗಾಲಿಗಳನ್ನು ತಿರುಗಿಸುವ ಟೈ ರಾಡೋ ಬಾಗಬಹುದು.

ಸಾಮಾನ್ಯ ಓಡಾಟದಲ್ಲಿ ಚಾಲಕನ ಎರಡು ಕೈಗಳು ಕ್ಯಾಸ್ಟರಿನ ಕೊರತೆಯನ್ನು ಗೊತ್ತಿಲ್ಲದೆಯೇ ತುಂಬುತ್ತವೆ. ನಡುಕ ಹುಟ್ಟಿದರೆ ಹಿಡಿತ ಬಿಗಿಯಾಗುತ್ತದೆ, ಗಾಲಿ ಮರಳದಿದ್ದರೆ ಕೈ ಮರಳಿಸುತ್ತದೆ, ಪವರ್ ಸ್ಟೀರಿಂಗ್ ಪಂಪು ಅದಕ್ಕೆ ಬಲ ಕೊಡುತ್ತದೆ. ಎಳೆದೊಯ್ಯುವ ಗಾಡಿಯಲ್ಲಿ ಈ ಮೂರೂ ಇಲ್ಲ. ಎಂಜಿನ್ ಆಫ್ ಆಗಿರುವುದರಿಂದ ಗಾಲಿಗಳೇ ಸ್ಟೀರಿಂಗ್ ಬಾಕ್ಸನ್ನು ಹಿಮ್ಮುಖವಾಗಿ ತಿರುಗಿಸಬೇಕು, ಒಳಗಿನ ಎಣ್ಣೆಯನ್ನು ತಾವೇ ತಳ್ಳಬೇಕು. ಸಾಲದ್ದಕ್ಕೆ ಮೋಟರ್‌ಹೋಮಿನ ಹಿಚ್ (ಟೋ ಬಾರ್ ಸಿಕ್ಕಿಸುವ ಕೊಂಡಿ) ಅದರ ಹಿಂದಿನ ಆಕ್ಸಲ್‌ಗಿಂತ ಬಹಳ ಹಿಂದಿರುತ್ತದೆ. ಮುಂದಿನ ಭಾಗ ಬಲಕ್ಕೆ ತಿರುಗಿದಾಗ ಬಾಲ ಮೊದಲು ಎಡಕ್ಕೆ ಬೀಸುತ್ತದೆ, ಆದ್ದರಿಂದ ಒಂದೇ ತಿರುವಿನಲ್ಲಿ ಜೀಪಿನ ಗಾಲಿಗಳು ಮೊದಲು ಎಡಕ್ಕೆ, ತಕ್ಷಣ ಬಲಕ್ಕೆ, ಆಮೇಲೆ ನೇರಕ್ಕೆ ಬರಬೇಕಾಗುತ್ತದೆ. ಇಷ್ಟೆಲ್ಲ ಕೆಲಸ ಕ್ಯಾಸ್ಟರ್ ಒಂದರ ಮೇಲೆಯೇ ಬೀಳುತ್ತದೆ. ಹೀಗಾಗಿ ಇಂಥ ದೋಷದಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರೇ, ಮತ್ತು ಅವುಗಳನ್ನು ಈ ಕ್ರಮದಲ್ಲಿಯೇ ಕೇಳಬೇಕೆಂಬುದು ನನ್ನ ಅಭಿಪ್ರಾಯ: ಗಾಲಿಗಳನ್ನು ಏನಾದರೂ ತಡೆಯುತ್ತಿದೆಯೇ, ಕ್ಯಾಸ್ಟರ್ ಇರಬೇಕಾದಷ್ಟು ಇದೆಯೇ, ಆಕ್ಸಲ್ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿದೆಯೇ.

ಸುಲಭದಲ್ಲಿ ತಳ್ಳಿಹಾಕಬಹುದಾದವು

ಮೊದಲು ಕೀಲಿ. ಆಫ್ ಸ್ಥಾನದಲ್ಲಿಟ್ಟು ಮುಂಭಾಗವನ್ನು ಜಾಕ್ ಮೇಲೇರಿಸಿ ಸ್ಟೀರಿಂಗನ್ನು ಎರಡೂ ಕೊನೆಗಳವರೆಗೆ ತಿರುಗಿಸಿದಾಗ ಲಾಕಿನ ಪಿನ್ನು ಎಲ್ಲೂ ಬೀಳಲಿಲ್ಲ. ಇಗ್ನಿಷನ್ ಸ್ವಿಚ್ಚಿನ ಖರ್ಚು ಅಲ್ಲಿಗೇ ಉಳಿಯಿತು. ಚಾಲಕನ ಸೀಟಿನ ಮುಂದೆ ಇಡುವ, ಮೋಟರ್‌ಹೋಮ್ ಬ್ರೇಕ್ ಹಾಕಿದಾಗ ಜೀಪಿನ ಪೆಡಲನ್ನು ತಾನೇ ಒತ್ತುವ ಪೆಟ್ಟಿಗೆ ಸ್ಟೀರಿಂಗಿಗೆ ತಾಗುತ್ತಿರಲಿಲ್ಲ. ಸೇಫ್ಟಿ ಕೇಬಲ್‌ಗಳು ಟೈ ರಾಡಿನಿಂದ ದೂರವಿದ್ದವು, ಪೂರ್ತಿ ತಿರುವಿಗೆ ಸಾಕಾಗುವಷ್ಟು ಉದ್ದವಿದ್ದವು. ಟೋ ಬಾರಿನ ಎರಡೂ ತೋಳುಗಳು ಚಾಚಿಕೊಂಡು ಲಾಕ್ ಆಗುತ್ತಿದ್ದವು. ಒಂದು ತೋಳು ಮಾತ್ರ ಲಾಕ್ ಆಗಿದ್ದರೆ ಗಾಡಿ ಓರೆಯಾಗಿ ಹಿಂಬಾಲಿಸುತ್ತದೆ, ಅದನ್ನು ಸ್ಟೀರಿಂಗ್ ದೋಷವೆಂದು ತಪ್ಪು ತಿಳಿಯುವುದು ಸಾಮಾನ್ಯ. ಜೀಪಿನ ಮುಂಭಾಗದಲ್ಲಿ ಟೋ ಬಾರ್ ಜೋಡಿಸುವ ಬೇಸ್ ಪ್ಲೇಟಿನ ಬೋಲ್ಟುಗಳು ಬಿಗಿಯಾಗಿದ್ದವು, ಟೈರುಗಳಲ್ಲಿ ಗಾಳಿ ಸಮನಾಗಿತ್ತು.

ಹಿಂದಕ್ಕೆ ತಳ್ಳಿದ್ದುಂಟೇ ಎಂದು ಕೇಳಿದಾಗ ಪತಿ ಸ್ವಲ್ಪ ಸುಮ್ಮನಿದ್ದು, “ಒಂದ್ಸಲ, ಭಾಳ ಇಲ್ಲ, ಎರಡ ಮೂರ ಫೂಟ್ ಅಷ್ಟ” ಎಂದರು. ಟೈ ರಾಡಿನ ಉದ್ದಕ್ಕೂ ದಾರ ಎಳೆದು ಹಿಡಿದು ನೋಡಿದೆವು, ಬಾಗಿರಲಿಲ್ಲ. ಟೈರುಗಳ ಮುಂದಿನ ಮತ್ತು ಹಿಂದಿನ ಅಂಚುಗಳ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದಾಗ ಟೋ-ಇನ್ (ಗಾಲಿಗಳ ಮುಂತುದಿ ಒಳಕ್ಕೆ ವಾಲಿರುವ ಪ್ರಮಾಣ) ಕೂಡ ಸರಿಯಾದ ಮಿತಿಯಲ್ಲೇ ಇತ್ತು. ಈ ಪೀಳಿಗೆಯ ಸ್ಟೀರಿಂಗ್ ಜೋಡಣೆಯಲ್ಲಿ ಟೈ ರಾಡು ನೇರವಾಗಿ ಎರಡು ಗಾಲಿಗಳನ್ನು ಜೋಡಿಸದೆ ಸ್ಟೀರಿಂಗ್ ಬಾಕ್ಸಿನಿಂದ ಬರುವ ಡ್ರ್ಯಾಗ್ ಲಿಂಕಿಗೆ ಸೇರುವುದರಿಂದ ಗಾಡಿಯ ಎತ್ತರ ಬದಲಾದರೆ ಟೋ ಕೂಡ ಬದಲಾಗುತ್ತದೆ; ಎತ್ತರಿಸಿದ ಮೇಲೆ ಯಾರೋ ಅದನ್ನು ಮರುಹೊಂದಿಸಿದ್ದರೆಂಬುದು ಸ್ಪಷ್ಟವಾಗಿತ್ತು.

ಸರಿಯಿಲ್ಲದ ಒಂದು ಸಂಗತಿ ಇಲ್ಲಿ ಸಿಕ್ಕಿತು, ಆದರೆ ಅದು ಮೂಲ ಕಾರಣವಾಗಿರಲಿಲ್ಲ. ಎತ್ತರಿಸಿದ ಜೀಪಿನ ಬೇಸ್ ಪ್ಲೇಟು ಮೋಟರ್‌ಹೋಮಿನ ಹಿಚ್‌ಗಿಂತ ಸುಮಾರು 6 ಇಂಚು ಮೇಲಿತ್ತು. ಟೋ ಬಾರ್ ಹೆಚ್ಚುಕಡಿಮೆ ಮಟ್ಟಸವಾಗಿರಬೇಕು, ವ್ಯತ್ಯಾಸ 3–4 ಇಂಚು ಮೀರಬಾರದು ಎಂಬುದು ಟೋ ಬಾರ್ ತಯಾರಕರ ಸಾಮಾನ್ಯ ಸೂಚನೆ. ಬಾರು ಹಿಂದಕ್ಕೆ ಏರುವಂತೆ ಓರೆಯಾಗಿದ್ದರೆ ಬ್ರೇಕ್ ಹಾಕಿದಾಗ ಅದು ಜೀಪಿನ ಮೂತಿಯನ್ನು ಹಿಂದಕ್ಕೂ ಮೇಲಕ್ಕೂ ತಳ್ಳುತ್ತದೆ, ಮುಂಗಾಲಿಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ನಡುಕ ಇಳಿಜಾರಿನಲ್ಲೇ ಕಾಣಿಸಿಕೊಂಡದ್ದಕ್ಕೆ ಇದೂ ಒಂದಿಷ್ಟು ನೆರವಾಗಿರಬಹುದು. ಹಿಚ್‌ಗೆ ಎತ್ತರ ಕೊಡುವ ಅಡಾಪ್ಟರ್ ಹಾಕಿ ಅದನ್ನು ಸರಿಪಡಿಸಲಾಯಿತು.

ನಡುಕದ ಮೂಲ

ಪತ್ನಿ ಪರದೆಯ ಮೇಲಿನ ದೃಶ್ಯವನ್ನು ಮೊಬೈಲಿನಲ್ಲಿ ಸೆರೆಹಿಡಿದಿದ್ದರು. ನಿಧಾನಗತಿಯಲ್ಲಿ ನೋಡಿದಾಗ ಎರಡೂ ಗಾಲಿಗಳು ಒಂದೇ ದಿಕ್ಕಿಗೆ, ಒಟ್ಟೊಟ್ಟಿಗೆ ಹೊರಳುತ್ತಿದ್ದವು; ಅಷ್ಟೇ ಅಲ್ಲ, ಬಂಪರಿಗೆ ಹೋಲಿಸಿದರೆ ಇಡೀ ಆಕ್ಸಲ್ಲೇ ಪಕ್ಕಕ್ಕೆ ಸರಿದಾಡುತ್ತಿತ್ತು. ಒಂದು ಗಾಲಿ ಮಾತ್ರ ಅಥವಾ ಎರಡು ಗಾಲಿಗಳು ಪರಸ್ಪರ ವಿರುದ್ಧವಾಗಿ ಅಲ್ಲಾಡಿದ್ದರೆ ಟೈ ರಾಡ್ ಎಂಡನ್ನೋ ವೀಲ್ ಬೇರಿಂಗನ್ನೋ ಮೊದಲು ನೋಡುತ್ತಿದ್ದೆವು. ಆಕ್ಸಲ್ ಸರಿದಾಡುವುದೆಂದರೆ ಬೆರಳು ಟ್ರ್ಯಾಕ್ ಬಾರಿನತ್ತ ತೋರುತ್ತದೆ. ಎಡಗಡೆ ಚಾಸಿಗೂ (ಗಾಡಿಯ ಚೌಕಟ್ಟಿಗೂ) ಬಲಗಡೆ ಆಕ್ಸಲ್‌ಗೂ ಜೋಡಿಸಿರುವ ಈ ಓರೆಯಾದ ಸಲಾಕೆ ಆಕ್ಸಲ್ ಎಡಬಲಕ್ಕೆ ಜರುಗದಂತೆ ಹಿಡಿದಿಡುವ ಮುಖ್ಯ ಭಾಗ.

ಪರೀಕ್ಷೆ ಸರಳವಾದದ್ದು. ನಾಲ್ಕೂ ಗಾಲಿಗಳು ನೆಲದ ಮೇಲಿರಬೇಕು; ಜಾಕ್ ಮೇಲೇರಿಸಿದರೆ ಭಾರ ಇಲ್ಲದೆ ಸಡಿಲ ಅಡಗಿಬಿಡುತ್ತದೆ. ಪತಿ ಒಳಗೆ ಕುಳಿತು ಸ್ಟೀರಿಂಗನ್ನು ಕಾಲು ಸುತ್ತಿನಷ್ಟು ಎಡಕ್ಕೂ ಬಲಕ್ಕೂ ಬೇಗ ಬೇಗ ತಿರುಗಿಸುತ್ತಿದ್ದರು, ನಾನು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡುತ್ತ ಹೋದೆ. ಡ್ರ್ಯಾಗ್ ಲಿಂಕಿನ ಎರಡೂ ತುದಿಗಳು ಗಟ್ಟಿ. ಟ್ರ್ಯಾಕ್ ಬಾರಿನ ಚಾಸಿಯ ಕಡೆಯ ಬಾಲ್ ಜಾಯಿಂಟೂ ಗಟ್ಟಿ. ಆಕ್ಸಲ್ ಕಡೆಯ ಬೋಲ್ಟಿನ ಬಳಿ ಬಂದಾಗ ಮಾತ್ರ ಬೆರಳಿಗೆ ಟಕ್ ಟಕ್ ಎಂದು ಹೊಡೆತ ಸಿಕ್ಕಿತು: ಗಾಲಿ ತಿರುಗುವ ಮೊದಲೇ ಆಕ್ಸಲ್ ಒಂದಿಷ್ಟು ಪಕ್ಕಕ್ಕೆ ಸರಿದು, ಆಮೇಲೆ ಗಾಲಿ ತಿರುಗುತ್ತಿತ್ತು. ಬೋಲ್ಟಿನ ತಲೆಯ ಸುತ್ತ ಬಣ್ಣ ಹೋಗಿ ಲೋಹ ಕನ್ನಡಿಯಂತೆ ಹೊಳೆಯುತ್ತಿತ್ತು, ಬ್ರಾಕೆಟ್ಟಿನ ಅಂಚಿನಲ್ಲಿ ಕುಂಕುಮದಷ್ಟು ನಯವಾದ ಕೆಂಪು ತುಕ್ಕಿನ ಪುಡಿ. ಲೋಹ ಲೋಹಕ್ಕೆ ಬಹಳ ಕಾಲದಿಂದ ಉಜ್ಜುತ್ತಿದೆ ಎನ್ನಲು ಬೇರೆ ಸಾಕ್ಷಿ ಬೇಡ.

ಬೋಲ್ಟು ಬಿಚ್ಚಿದಾಗ ಕಾರಣವೂ ಕಂಡಿತು. ಗಾಡಿಯನ್ನು ಎತ್ತರಿಸಿದರೆ ಟ್ರ್ಯಾಕ್ ಬಾರ್ ಇನ್ನಷ್ಟು ಓರೆಯಾಗಿ ಆಕ್ಸಲ್ಲನ್ನು ಚಾಲಕನ ಬದಿಗೆ ಎಳೆಯುತ್ತದೆ. ಅದನ್ನು ಮತ್ತೆ ನಡುವಿಗೆ ತರಲು ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಹಾಕುವುದು ಒಂದು ದಾರಿ. ಆಕ್ಸಲ್ಲಿನ ಬ್ರಾಕೆಟ್ಟಿನಲ್ಲಿ ಪಕ್ಕಕ್ಕೊಂದು ಹೊಸ ತೂತು ಕೊರೆಯುವುದು ಅಗ್ಗದ ದಾರಿ. ಇಲ್ಲಿ ಎರಡನೆಯದನ್ನು ಮಾಡಿದ್ದರು. ತೆಳುವಾದ ತಗಡಿನ ಬ್ರಾಕೆಟ್ಟಿನಲ್ಲಿ ಕೊರೆದ ಆ ತೂತು ಕಾಲಕ್ರಮೇಣ ಮೊಟ್ಟೆಯಾಕಾರಕ್ಕೆ ಅಗಲವಾಗಿತ್ತು. ಬೋಲ್ಟನ್ನು ಎಷ್ಟು ಬಿಗಿದರೂ ದೊಡ್ಡ ಹೊಡೆತ ಬಿದ್ದಾಗ ಅದು ಆ ತೂತಿನೊಳಗೆ ಜಾರುತ್ತಿತ್ತು.

ಆಕ್ಸಲ್ ಜರುಗಿದರೆ ಗಾಲಿ ಯಾಕೆ ತಿರುಗಬೇಕು ಎಂಬ ಪ್ರಶ್ನೆ ಬರಬಹುದು. ಡ್ರ್ಯಾಗ್ ಲಿಂಕಿನ ಒಂದು ತುದಿ ಚಾಸಿಗೆ ಬಿಗಿದ ಸ್ಟೀರಿಂಗ್ ಬಾಕ್ಸಿನ ಪಿಟ್‌ಮನ್ ತೋಳಿನಲ್ಲಿದೆ, ಇನ್ನೊಂದು ತುದಿ ಗಾಲಿಯಲ್ಲಿದೆ. ಪಿಟ್‌ಮನ್ ತೋಳು ಕದಲದೆ ಆಕ್ಸಲ್ ಮಾತ್ರ ಅರ್ಧ ಇಂಚು ಎಡಕ್ಕೆ ಹೋದರೆ, ಲಿಂಕಿನ ಪಾಲಿಗೆ ಅದು ಚಾಲಕ ಸ್ಟೀರಿಂಗ್ ತಿರುಗಿಸಿದ್ದಕ್ಕೆ ಸಮ. ಗಾಲಿ ತಿರುಗಿದ್ದರಿಂದ ಟೈರು ಆಕ್ಸಲ್ಲನ್ನು ಇನ್ನೊಂದು ಬದಿಗೆ ಎಳೆಯುತ್ತದೆ, ಆಕ್ಸಲ್ ಹಿಂತಿರುಗಿದಾಗ ಗಾಲಿ ಆ ಬದಿಗೆ ಹೊರಳುತ್ತದೆ. ವೇಗ ಕಡಿಮೆಯಾಗುವವರೆಗೆ ಇದು ತನ್ನನ್ನು ತಾನೇ ಪೋಷಿಸಿಕೊಳ್ಳುತ್ತದೆ. ಜೀಪಿನವರು ಡೆತ್ ವಾಬಲ್ ಎನ್ನುವುದು ಇದನ್ನೇ.

ಮರಳದ ಗಾಲಿಗಳ ಮೂಲ

ಎರಡನೆಯ ಲಕ್ಷಣಕ್ಕೆ ಟ್ರ್ಯಾಕ್ ಬಾರ್ ಕಾರಣವಾಗಿರಲು ಸಾಧ್ಯವಿರಲಿಲ್ಲ. ಸಡಿಲವಾದ ಭಾಗ ಗಾಲಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಮುಂಭಾಗವನ್ನು ಜಾಕ್ ಸ್ಟ್ಯಾಂಡುಗಳ ಮೇಲೇರಿಸಿ, ಡ್ರ್ಯಾಗ್ ಲಿಂಕನ್ನು ಪಿಟ್‌ಮನ್ ತೋಳಿನಿಂದ ಬೇರ್ಪಡಿಸಿದೆವು. ಇದು ಅರ್ಧ ಗಂಟೆಯ ಕೆಲಸ, ಆದರೆ ಇಡೀ ವ್ಯವಸ್ಥೆಯನ್ನು ಎರಡು ಹೋಳು ಮಾಡಿ ತೋರಿಸುತ್ತದೆ. ಗಾಲಿಯ ಕಡೆಯ ಹೋಳು ಒಂದು ಕೈಯಲ್ಲಿ ಸಲೀಸಾಗಿ ತಿರುಗಿತು, ಅಂದರೆ ಗಾಲಿ ತಿರುಗುವ ಕೀಲುಗಳಾದ ಬಾಲ್ ಜಾಯಿಂಟುಗಳು ಜಾಮ್ ಆಗಿರಲಿಲ್ಲ. ಸ್ಟೀರಿಂಗ್ ಬಾಕ್ಸಿನ ಕಡೆಯ ಹೋಳು ಎರಡು ಕೊನೆಗಳ ಹತ್ತಿರ ಹಗುರವಾಗಿದ್ದು, ನಡುಭಾಗಕ್ಕೆ ಬರುತ್ತಿದ್ದಂತೆ ಹಿಡಿದುಕೊಳ್ಳುತ್ತಿತ್ತು. ಆರೋಗ್ಯವಾಗಿರುವ ಬಾಕ್ಸಿನಲ್ಲೂ ನಡುವಿನಲ್ಲಿ ಒಂದಿಷ್ಟು ಬಿಗಿ ಇರುತ್ತದೆ. ಇದು ಅದನ್ನು ಬಹಳ ಮೀರಿತ್ತು.

ಬಾಕ್ಸಿನ ಮೇಲಿನ ಹೊಂದಾಣಿಕೆಯ ಸ್ಕ್ರೂ ಮತ್ತು ಅದರ ಲಾಕ್ ನಟ್ಟಿನ ಮೇಲೆ ಸ್ಪಾನರಿನ ಹೊಸ ಗೀರುಗಳಿದ್ದವು. ಗ್ಲವ್ ಬಾಕ್ಸಿನ ಬಿಲ್ಲಿಗೆ ಈಗ ಅರ್ಥ ಬಂತು. ಮೊಟ್ಟೆಯಾಕಾರದ ತೂತಿನಿಂದಾಗಿ ಆಕ್ಸಲ್ ಜರುಗುತ್ತಿದ್ದದ್ದು ಚಾಲಕನಿಗೆ “ಸ್ಟೀರಿಂಗ್ ಸಡಿಲ” ಎಂದು ಭಾಸವಾಗಿತ್ತು. ವರ್ಕ್‌ಶಾಪಿನವರು ಸಡಿಲ ಎಲ್ಲಿದೆ ಎಂದು ಹುಡುಕದೆ, ಬಾಕ್ಸಿನ ಸ್ಕ್ರೂ ಬಿಗಿದು ಆ ಭಾಸವನ್ನು ತೆಗೆದಿದ್ದರು, ಡ್ಯಾಂಪರ್ ಹಾಕಿ ನಡುಕವನ್ನು ಮುಚ್ಚಿದ್ದರು. ಪವರ್ ಸ್ಟೀರಿಂಗ್ ಕೆಲಸ ಮಾಡುವಾಗ ಬಿಗಿಯಾದ ಬಾಕ್ಸ್ ಚಾಲಕನಿಗೆ ಗೊತ್ತಾಗುವುದಿಲ್ಲ, “ಈಗ ಗಟ್ಟಿಯಾಗಿದೆ” ಎಂಬ ಸಮಾಧಾನವೂ ಸಿಗುತ್ತದೆ. ಡ್ಯಾಂಪರ್ ಕಣ್ಣಿಗೆ ಕಾಣುವ ಹೊಸ ಭಾಗ, ಬಿಲ್ಲಿಗೆ ಸೇರಿಸಲು ಸುಲಭ. ಸ್ಟೀರಿಂಗ್ ನಡುಗುತ್ತದೆ ಎಂದು ಬಂದ ಗಾಡಿಗೆ ಕೆಳಗೆ ನೋಡುವ ಮೊದಲೇ ಡ್ಯಾಂಪರ್ ಬರೆದುಕೊಡುವ ಪದ್ಧತಿ ನನಗೆ ಯಾವತ್ತೂ ಹಿಡಿಸಿಲ್ಲ.

ಬಲತಿರುವಿನಲ್ಲಿ ಮಾತ್ರ ತೊಂದರೆ ಹೆಚ್ಚಾಗಿದ್ದದ್ದಕ್ಕೂ ಅದೇ ಡ್ಯಾಂಪರ್ ಉತ್ತರ ಕೊಟ್ಟಿತು. ಲಿಂಕು ಬೇರ್ಪಟ್ಟಿದ್ದಾಗ ಗಾಲಿಗಳನ್ನು ನೇರಕ್ಕೆ ತಂದು ಕೈ ಬಿಟ್ಟರೆ ಅವು ತಾವಾಗಿ ನಿಧಾನವಾಗಿ ಬಲಕ್ಕೆ ಹೊರಳುತ್ತಿದ್ದವು. ಡ್ಯಾಂಪರಿನ ಒಂದು ತುದಿ ಬಿಚ್ಚಿದಾಗ ಅದರ ಸಲಾಕೆ ತನ್ನಷ್ಟಕ್ಕೆ ಪೂರ್ತಿ ಹೊರಚಾಚಿಕೊಂಡಿತು, ಗಾಲಿಗಳು ಇಟ್ಟಲ್ಲೇ ನಿಂತವು. ಒಳಗೆ ಒತ್ತಡದ ಗ್ಯಾಸ್ ತುಂಬಿದ ಡ್ಯಾಂಪರುಗಳ ಸ್ವಭಾವವೇ ಅದು. ಆ ತಳ್ಳುವಿಕೆ ಚಾಲಕನ ಕೈಗೆ ಏನೇನೂ ಅಲ್ಲ, ಕೈಯೇ ಇಲ್ಲದ ಗಾಡಿಯಲ್ಲಿ ಗಾಲಿ ಯಾವ ಬದಿಗೆ ಅಂಟಿಕೊಳ್ಳಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ.

ಉಳಿದದ್ದು ಕ್ಯಾಸ್ಟರ್. ಈ ಜೀಪಿಗೆ ಕಾರ್ಖಾನೆ ಹೇಳುವ ಕ್ಯಾಸ್ಟರ್ 7 ಡಿಗ್ರಿ. ಅಲೈನ್‌ಮೆಂಟ್ ಯಂತ್ರದ ಮೇಲೆ ನಿಲ್ಲಿಸಿದಾಗ ಎರಡೂ ಬದಿ 4 ಡಿಗ್ರಿಯ ಆಸುಪಾಸಿನಲ್ಲಿ ಬಂತು. ಮೂಲ ಉದ್ದದ ಕಂಟ್ರೋಲ್ ಆರ್ಮುಗಳನ್ನೇ (ಆಕ್ಸಲ್ಲನ್ನು ಚಾಸಿಗೆ ಜೋಡಿಸುವ ಸಲಾಕೆಗಳನ್ನೇ) ಉಳಿಸಿಕೊಂಡು ಸ್ಪ್ರಿಂಗ್ ಎತ್ತರಿಸಿದರೆ ಆಕ್ಸಲ್ ಮುಂದಕ್ಕೆ ಹೊರಳಿ ಕ್ಯಾಸ್ಟರ್ ಇಳಿಯುವುದು ನಿರೀಕ್ಷಿತವೇ. ಸರಳ ಲೆಕ್ಕದಲ್ಲಿ, 33 ಇಂಚಿನ ಟೈರು ನೆಲದ ಮೇಲೆ ಸುಮಾರು 16 ಇಂಚು ತ್ರಿಜ್ಯದಲ್ಲಿ ಕೂರುತ್ತದೆಂದು ಹಿಡಿದರೆ, 7 ಡಿಗ್ರಿಯಲ್ಲಿ ಟೈರು ಅಕ್ಷದ ಬಿಂದುವಿನಿಂದ ಸುಮಾರು 2 ಇಂಚು ಹಿಂದಿರುತ್ತದೆ, 4 ಡಿಗ್ರಿಯಲ್ಲಿ 1.1 ಇಂಚು ಮಾತ್ರ. ಗಾಲಿಯನ್ನು ನೇರಕ್ಕೆ ತರುವ ಸನ್ನೆಯ (ಲಿವರಿನ) ಉದ್ದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ಅದೇ ಹೊತ್ತಿಗೆ ಅದು ತಿರುಗಿಸಬೇಕಾದ ಬಾಕ್ಸನ್ನು ಬಿಗಿದು ಇಟ್ಟಿದ್ದರು.

ರಿಪೇರಿ, ಮತ್ತು ಅದರ ಮಿತಿ

ಮೊದಲು ಬ್ರಾಕೆಟ್ಟು. ಸವೆದ ತೂತಿನ ಎರಡೂ ಬದಿಗೆ ದಪ್ಪ ಉಕ್ಕಿನ ತಗಡು ಬೆಸುಗೆ ಹಾಕಿಸಿ, ಬೋಲ್ಟಿಗೆ ಸರಿಹೊಂದುವ ಅಳತೆಯಲ್ಲಿ ಮೂಲ ಸ್ಥಾನದಲ್ಲೇ ತೂತು ಕೊರೆಸಿ, ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಹಾಕಲಾಯಿತು. ಬೋಲ್ಟನ್ನು ಅಂತಿಮವಾಗಿ ಬಿಗಿಯುವುದು ಗಾಡಿ ತನ್ನ ಗಾಲಿಗಳ ಮೇಲೆ ನಿಂತಿರುವಾಗ. ಜಾಕ್ ಮೇಲೆ ಬಿಗಿದರೆ ಕೆಳಗಿಳಿಸಿದಾಗ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಇಷ್ಟು ಮಾಡಿ, ಬೇರೇನನ್ನೂ ಮುಟ್ಟದೆ, ಡ್ಯಾಂಪರನ್ನು ಪೂರ್ತಿ ಕಳಚಿಟ್ಟು, ವಾಹನಗಳಿಲ್ಲದ ರಸ್ತೆಯಲ್ಲಿ ಜೀಪನ್ನು ಬರಿದೇ ಓಡಿಸಿ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿದೆವು. ಜುಮುಜುಮು ಇರಲಿಲ್ಲ. ಡ್ಯಾಂಪರ್ ಇಟ್ಟುಕೊಂಡೇ ಪರೀಕ್ಷಿಸಿದ್ದರೆ ವಾಸಿಯಾದದ್ದು ಯಾವುದರಿಂದ ಎಂದು ತಿಳಿಯುತ್ತಿರಲಿಲ್ಲ.

ಸ್ಟೀರಿಂಗ್ ಬಾಕ್ಸಿನ ಸ್ಕ್ರೂವನ್ನು ಅಂದಾಜಿನಲ್ಲಿ ಸಡಿಲಿಸುವುದು ಸರಿಯಲ್ಲ. ಲಿಂಕು ಬೇರ್ಪಟ್ಟಿರುವಾಗ ಸಣ್ಣ ಟಾರ್ಕ್ ರೆಂಚಿನಿಂದ ಬಾಕ್ಸಿನ ಶಾಫ್ಟನ್ನು ತಿರುಗಿಸಿ, ನಡುಭಾಗ ದಾಟುವಾಗ ಎಷ್ಟು ಬಲ ಬೇಕಾಗುತ್ತದೆಂದು ಅಳೆದು ಹೊಂದಿಸಬೇಕು. ಹಾಗೆ ಹೊಂದಿಸಿದ ಮೇಲೆ ಉಳಿದ ಪ್ಲೇ ಬಹಳ ಕಡಿಮೆ. ಬಾಕ್ಸಿನಲ್ಲಿ ಮೊದಲಿನಿಂದಲೂ ದೋಷವಿರಲಿಲ್ಲ. ಗ್ಯಾಸ್ ಡ್ಯಾಂಪರಿನ ಜಾಗಕ್ಕೆ ಯಾವ ಬದಿಗೂ ತಳ್ಳದ, ಎಣ್ಣೆ ಮಾತ್ರ ಇರುವ ಡ್ಯಾಂಪರ್ ಬಂತು.

ಕ್ಯಾಸ್ಟರಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಕಾಯಿತು. ಕೆಳಗಿನ ಕಂಟ್ರೋಲ್ ಆರ್ಮುಗಳನ್ನು ಉದ್ದಮಾಡಿದರೆ ಆಕ್ಸಲ್ಲಿನ ಕೆಳಭಾಗ ಮುಂದಕ್ಕೆ ಹೋಗಿ ಕ್ಯಾಸ್ಟರ್ ಏರುತ್ತದೆ, ನಿಜ. ಆದರೆ ಅದೇ ಆಕ್ಸಲ್ಲಿಗೆ ಸೇರಿದ ಪಿನಿಯನ್ ಮೂತಿ (ಪ್ರೊಪೆಲರ್ ಶಾಫ್ಟ್ ಸೇರುವ ತುದಿ) ನೆಲದ ಕಡೆಗೆ ಬಾಗುತ್ತದೆ, ಮುಂದಿನ ಪ್ರೊಪೆಲರ್ ಶಾಫ್ಟಿನ ಕೀಲಿನ ಕೋನ ಹೆಚ್ಚಾಗಿ ಶಾಫ್ಟ್ ಅದುರತೊಡಗುತ್ತದೆ. ಟಿಜೆಯಲ್ಲಿ ಮುಂದಿನ ಆಕ್ಸಲ್ಲನ್ನು ಗಾಲಿಗಳಿಂದ ಬಿಡಿಸುವ ವ್ಯವಸ್ಥೆ ಇಲ್ಲದ ಕಾರಣ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೂ, ಎಳೆದೊಯ್ಯುವಾಗಲೂ, ಆ ಶಾಫ್ಟು ಗಾಲಿಗಳ ಜೊತೆ ತಿರುಗುತ್ತಲೇ ಇರುತ್ತದೆ. ಚಾಲಕನಿಲ್ಲದ ಗಾಡಿಯಲ್ಲಿ ಶಾಫ್ಟಿನ ಅದುರು ಯಾರಿಗೂ ಗೊತ್ತಾಗದೆ ಮೈಲಿಗಟ್ಟಲೆ ಮುಂದುವರಿಯುವ ಅಪಾಯವಿದೆ. ಆದ್ದರಿಂದ 7ಕ್ಕೆ ಹಟ ಹಿಡಿಯದೆ 5.5 ಡಿಗ್ರಿಗೆ ನಿಲ್ಲಿಸಲಾಯಿತು. ಸನ್ನೆಯ ಉದ್ದ ಇದರಿಂದ ಒಂದೂವರೆ ಇಂಚಿಗೆ ಮರಳಿತು. ಎತ್ತರವನ್ನು ಇಳಿಸಿ ಮೂಲ ಸ್ಪ್ರಿಂಗುಗಳನ್ನೇ ಹಾಕಿಸುವುದು ತಾಂತ್ರಿಕವಾಗಿ ಇನ್ನೂ ಸರಿಯಾದ ಪರಿಹಾರವೆಂದು ಹೇಳಿದೆ, ಆದರೆ ಪತಿಗೆ ಜೀಪಿನ ಎತ್ತರ ಬಲು ಪ್ರೀತಿ.

ಎಳೆಯುವ ಪರೀಕ್ಷೆಯನ್ನು ರಜಾದಿನ ಖಾಲಿಯಿದ್ದ ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಆರಂಭಿಸಿದೆವು. ಮುಂದಿನ ಟೈರುಗಳ ಪೂರ್ತಿ ಅಗಲಕ್ಕೂ ಸೀಮೆಸುಣ್ಣ ಬಳಿದು, ಮೋಟರ್‌ಹೋಮನ್ನು ನಡಿಗೆಯ ವೇಗದಲ್ಲಿ ಎಡಕ್ಕೂ ಬಲಕ್ಕೂ ಬಿಗಿಯಾಗಿ ತಿರುಗಿಸಿ, ಪಕ್ಕದಲ್ಲಿ ನಡೆಯುತ್ತ ಗಾಲಿಗಳನ್ನು ನೋಡಿದೆವು. ಎರಡೂ ಬದಿಯ ತಿರುವಿನ ನಂತರ ಗಾಲಿಗಳು ಮೋಟರ್‌ಹೋಮಿನ ಅರ್ಧ ಉದ್ದದಷ್ಟು ಸಾಗುವುದರೊಳಗೆ ನೇರವಾದವು, ನೇರ ಓಟದಲ್ಲಿ ಸುಣ್ಣ ಅಗಲಕ್ಕೂ ಸಮನಾಗಿ ಸವೆಯಿತು. ಹಳೆಯ ಹಾನಿ ಮಾತ್ರ ಟೈರಿನ ಮೇಲೆ ಉಳಿದಿತ್ತು: ಮೇಲ್ಮೈಯ ಮೇಲೆ ಅಂಗೈಯನ್ನು ಒಂದು ದಿಕ್ಕಿಗೆ ಸವರಿದರೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ. ಆ ಎರಡು ಟೈರುಗಳನ್ನು ಹಿಂದಕ್ಕೆ ಬದಲಾಯಿಸಲಾಯಿತು. ಆಮೇಲೆ ಅದೇ ಇಂಟರ್‌ಸ್ಟೇಟ್ 17ರಲ್ಲಿ ಫ್ಲ್ಯಾಗ್‌ಸ್ಟಾಫ್‌ವರೆಗೆ ಹೋಗಿಬಂದಾಗ ಪರದೆಯ ಮುಂದಿನಿಂದ ಪತ್ನಿ ಕಣ್ಣು ತೆಗೆಯಲಿಲ್ಲ. ಇಳಿಜಾರಿನ ಸೇತುವೆಗಳ ಮೇಲೂ ನಡುಕ ಬರಲಿಲ್ಲ.

ಬಾಕಿ ಉಳಿದಿರುವುದು ಎರಡು ಕೆಲಸ. ಬೆಸುಗೆ ಹಾಕಿದ ಬ್ರಾಕೆಟ್ಟಿನ ಬೋಲ್ಟನ್ನು ಮೊದಲ 500 ಮೈಲಿಯ ನಂತರ ಟಾರ್ಕ್ ರೆಂಚಿನಿಂದ ಮತ್ತೆ ಪರೀಕ್ಷಿಸಬೇಕು. ಎಡಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಕೆಳಗಿನ ಬಾಲ್ ಜಾಯಿಂಟಿನಲ್ಲಿ ಸ್ವಲ್ಪ ಸಡಿಲ ಕಂಡಿದೆ. ಈಗಿನ ದೂರಿಗೆ ಅದು ಕಾರಣವಲ್ಲದಿದ್ದರೂ ದಂಪತಿ ಚಳಿಗಾಲಕ್ಕೆ ಕ್ವಾರ್ಟ್‌ಸೈಟ್ ಕಡೆ ಹೊರಡುವ ಮೊದಲು ಎರಡೂ ಬದಿಯ ಬಾಲ್ ಜಾಯಿಂಟುಗಳನ್ನು ಬದಲಾಯಿಸಿ, ಅಲೈನ್‌ಮೆಂಟನ್ನು ಇನ್ನೊಮ್ಮೆ ನೋಡಿಸುವುದೆಂದು ತೀರ್ಮಾನವಾಗಿದೆ.